ಕುರಿಯ ಕಿವಿ, ತೋಳದ ಗವಿ

ಬಯಲುಸೀಮೆಗೆ ವರ್ಗವಾದರೆ ಮುಖ ಸಣ್ಣದು ಮಾಡುವ ಗಾರ್ಡುಗಳನ್ನು ನಾನು ಬಹಳ ನೋಡಿದ್ದೇನೆ. ದಾಂಡೇಲಿ, ಖಾನಾಪುರ ಅಂದರೆ ಅವರ ಕಣ್ಣುಗಳು ಅರಳುತ್ತವೆ. ಸವದತ್ತಿ, ರಾಮದುರ್ಗ ಅಂದರೆ ಯಾರೋ ಶಿಕ್ಷೆ ಕೊಟ್ಟಂತೆ ಕೂತುಬಿಡುತ್ತಾರೆ. ಈಚೆಗೆ ಹೊಸದಾಗಿ ಇಲಾಖೆಗೆ ಸೇರಿದ ಇಬ್ಬರು ಮನೆಗೆ ಬಂದಿದ್ದರು. ಚಹಾ ಕುಡಿಯುತ್ತ, ಸರ್ವಿಸಿನಲ್ಲಿ ಎಷ್ಟು ಹುಲಿ ನೋಡಿದ್ದೀರಿ ಎಂದು ಕೇಳಿದರು. ಒಂದೂ ಇಲ್ಲ ಎಂದೆ. ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು. ನನಗೆ ಸಿಟ್ಟು ಬಂತು. ಆ ಸಿಟ್ಟು ಆರುವ ಮೊದಲೇ ಇದನ್ನು ಬರೆಯಲು ಕೂತಿದ್ದೇನೆ.

ಗಾರ್ಡ್ ಆಗಿ ಸೇರಿ ಫಾರೆಸ್ಟರ್ ಆಗಿ ಮನೆಗೆ ಬಂದವನು ನಾನು. ಬಡ್ತಿ, ವರ್ಗಾವಣೆ, ಹಾರ, ಶಾಲು ಇವುಗಳ ಕಥೆ ಯಾರಿಗೂ ಬೇಡ, ನನಗೂ ಬೇಡ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಕಡೆಯೇ ನನ್ನ ಸರ್ವಿಸು ಸುತ್ತಿ ಸುತ್ತಿ ಮುಗಿಯಿತು. ಗಿಡವಿಲ್ಲದ ಊರಿಗೆ ಫಾರೆಸ್ಟ್ ಸಾಹೇಬ ಎಂದು ನಮ್ಮ ಬೀಗರು ಮದುವೆ ಮನೆಯಲ್ಲೂ ಚಾಷ್ಟಿ ಮಾಡುತ್ತಿದ್ದರು. ಮಾಡಲಿ. ನಾನು ಕಾದದ್ದು ಗಿಡವನ್ನಲ್ಲ, ತೋಳವನ್ನು.

ನಮ್ಮದು ಬೈಲಹೊಂಗಲದ ಕಡೆಯ ಎರೆಹೊಲದ ಒಕ್ಕಲುತನ. ತೋಳ ಅಂದರೆ ನಮಗೆ ಗಾದೆಯೊಳಗಿನ ಪ್ರಾಣಿ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುವುದನ್ನು ಕೇಳುತ್ತಲೇ ಬೆಳೆದವನು. ಇಲಾಖೆಗೆ ಸೇರಿದ ಮೇಲೆ ತರಬೇತಿಯಲ್ಲಿ ವನ್ಯಜೀವಿ ಕಾಯ್ದೆ ಓದಿಸಿದರು. ಅದರ ಮೊದಲನೇ ಪಟ್ಟಿಯಲ್ಲಿ ಹುಲಿಯ ಪಂಕ್ತಿಯಲ್ಲೇ ತೋಳವೂ ಕೂತಿತ್ತು. ಎಲೆ ಇಬ್ಬರಿಗೂ ಒಂದೇ, ಆದರೆ ಬಡಿಸುವವರು ಹುಲಿಗೆ ಬಡಿಸಿ ಮುಂದೆ ಹೋಗಿಬಿಡುತ್ತಾರೆ ಎನ್ನುವುದು ಕೆಲಸಕ್ಕೆ ಬಂದ ಮೇಲೆ ತಿಳಿಯಿತು.

ನನ್ನ ಮೊದಲ ತೋಳದ ಕೇಸು ಆ ಗಾದೆಯೇ. ಎಂಬತ್ತರ ದಶಕದ ಶುರುವಿನಲ್ಲಿ ಒಂದು ಹಳ್ಳಿಯ ಹಾಳು ಬಾವಿಗೆ ತೋಳ ಬಿತ್ತು. ಸುದ್ದಿ ಸಿಕ್ಕು ನಾನು ಸೈಕಲ್ ಹೊಡೆದುಕೊಂಡು ಹೋಗುವಷ್ಟರಲ್ಲಿ ಊರಿಗೆ ಊರೇ ಬಂದು ಆಳಿಗೊಂದು ಕಲ್ಲು ಹಾಕಿ ಮುಗಿಸಿತ್ತು. ಹೊಸ ರಕ್ತ, ಬಿಡಲಿಲ್ಲ. ಮುಂದೆ ನಿಂತಿದ್ದ ನಾಲ್ವರ ಮೇಲೆ ಕೇಸು ಹಾಕಿದೆ. ಕೋರ್ಟಿನಲ್ಲಿ ಅವರ ವಕೀಲರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ತೋಳ ಸತ್ತದ್ದು ಯಾರ ಕಲ್ಲಿಗೆ? ಬಾವಿಯೊಳಗೆ ಗಾಡಿಗಟ್ಟಲೆ ಕಲ್ಲಿದ್ದವು. ಸಾಕ್ಷಿ ಹೇಳಬೇಕಾದವರೂ ಒಂದೊಂದು ಕಲ್ಲು ಹಾಕಿದವರೇ. ನಾಲ್ವರೂ ಬಿಡುಗಡೆಯಾಗಿ, ಹೊರಗೆ ನನಗೇ ಚಹಾ ಕುಡಿಸಿ ಹೋದರು. ಸತ್ತ ತೋಳಕ್ಕೆ ಕಾಯ್ದೆಯಿಂದ ಏನೂ ಸಿಗುವುದಿಲ್ಲ, ಕಾಯುವುದಿದ್ದರೆ ಬದುಕಿದ್ದಾಗಲೇ ಕಾಯಬೇಕು ಎಂದು ಆ ಚಹಾ ಕುಡಿಯುತ್ತ ನಿಶ್ಚಯ ಮಾಡಿದೆ.

ಮೇಲಧಿಕಾರಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಕಿತ್ತೂರಿನ ಕಡೆ ಇದ್ದಾಗ ಬಂದಿದ್ದ ಒಬ್ಬ ಸಾಹೇಬರಿಗೆ ತೋಳ ಹಿಡಿಯುವ ಉತ್ಸಾಹ ಬಹಳ. ಕಬ್ಬಿನ ಹೊಲಕ್ಕೆ ತೋಳ ನುಗ್ಗಿದೆ ಎಂದು ಸುದ್ದಿ ಬಂದದ್ದೇ ತಡ, ಬಲೆ, ಬೋನು, ಜೀಪು, ಡಂಗುರ ಒಂದನ್ನೂ ಬಿಡಲಿಲ್ಲ. ಅರ್ಧ ದಿನ ಕಬ್ಬು ತುಳಿದು ಬಲೆಗೆ ಕೆಡವಿದರು. ಹತ್ತಿರ ಹೋಗಿ ನೋಡಿದರೆ ಸಣ್ಣ ಸೊಂಟದ, ಉದ್ದ ಮೂತಿಯ ಮುಧೋಳ ನಾಯಿ. ಕೊರಳಲ್ಲಿ ಕರಿ ದಾರ ಬೇರೆ. ಅದರ ಮಾಲೀಕ ಬಂದು ನಾಯಿಗೆ ಪೆಟ್ಟು ಬಿದ್ದಿದೆಯೇ ಎಂದು ಮೈ ಸವರಿ ನೋಡಿದ. ಆಮೇಲೆ ನಮ್ಮ ಸಾಹೇಬರನ್ನೂ ಹಾಗೆಯೇ ಅಡಿಯಿಂದ ಮುಡಿಯವರೆಗೆ ನೋಡಿದ. ಹೊಸ ಗಾರ್ಡುಗಳಿಗೆ ನಾನು ಹೇಳುವುದಿಷ್ಟು: ಪ್ರಾಣಿಯನ್ನು ಹಿಡಿಯುವ ಮೊದಲು ಅದರ ಗುರುತು ಹಿಡಿಯಲು ಕಲಿಯಿರಿ. ತೋಳದ ಬಾಲ ಕೆಳಗೆ ಇಳಿಬಿದ್ದಿರುತ್ತದೆ, ನಡಿಗೆ ನೇರ, ನಾಯಿಯ ಹಾಗೆ ಅತ್ತ ಮೂಸಿ ಇತ್ತ ಮೂಸಿ ಹೋಗುವುದಿಲ್ಲ. ಎಲ್ಲಿಗೆ ಹೋಗಬೇಕು ಎನ್ನುವುದು ಅದಕ್ಕೆ ಮೊದಲೇ ಗೊತ್ತಿರುತ್ತದೆ.

ಇನ್ನು ನನ್ನ ಮುಖ್ಯ ಕಥೆಗೆ ಬರುತ್ತೇನೆ.

ಸವದತ್ತಿಯಿಂದ ರಾಮದುರ್ಗದ ಕಡೆ ಹೋಗುವಾಗ ಎರೆಹೊಲ ಮುಗಿದಲ್ಲಿ ಕಲ್ಲುಮಣ್ಣಿನ ದಿನ್ನೆಗಳು ಶುರುವಾಗುತ್ತವೆ. ಮಡ್ಡಿ ಎಂದು ಅವಕ್ಕೆ ಹೆಸರು. ಮೊಣಕಾಲೆತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಕವಳಿ ಕಂಟಿ, ಬಾರಿ ಕಂಟಿಯಂಥ ಮುಳ್ಳುಪೊದೆ, ಇಷ್ಟೇ. ನಮ್ಮ ಇಲಾಖೆಯ ನಕಾಶೆಯಲ್ಲಿ ಅದು ಬಂಜರು. ಅದರಲ್ಲಿ ಕರಿಕಲ್ಲ ಮಡ್ಡಿ ಎನ್ನುವುದು ನನ್ನ ಬೀಟಿಗೆ ಸೇರಿತ್ತು. ಬಂಡೆಗಳ ಸಂದಿನಲ್ಲಿ ಒಂದು ಗವಿ. ಚಳಿಗಾಲದಲ್ಲಿ ಪ್ರತಿ ವರ್ಷ ಅಲ್ಲಿ ತೋಳ ಮರಿ ಹಾಕುತ್ತಿತ್ತು, ಪ್ರತಿ ವರ್ಷ ಯಾರೋ ಗವಿಯ ಬಾಯಿಗೆ ಕಲ್ಲು ಒಟ್ಟಿ ಒಳಗೆ ಹೊಗೆ ಹಾಕುತ್ತಿದ್ದರು. ಒಂದು ಮರಿಯೂ ದೊಡ್ಡದಾದದ್ದನ್ನು ನಾನು ಕಂಡಿರಲಿಲ್ಲ. ಇದ್ದ ಒಂದು ಜೋಡಿಗೆ ವಯಸ್ಸಾದರೆ ಕರಿಕಲ್ಲ ಮಡ್ಡಿಯಲ್ಲಿ ತೋಳದ ವಂಶವೇ ಮುಗಿದಂತೆ.

ಒಂದು ಬೆಳಿಗ್ಗೆ ಆ ಹೊಗೆ ಹಾಕುವವರು ಕೈಗೇ ಸಿಕ್ಕರು. ಮೂವರು ಕುರುಬರು ಕಲ್ಲು ಒಟ್ಟಿ ಮುಗಿಸಿ ಒಣ ಹುಲ್ಲು ಕೂಡಿಸುತ್ತಿದ್ದರು. ಅವರಲ್ಲಿ ಹಿರಿಯವನ ಹೆಸರು ಮಾಳಪ್ಪ. ತಲೆಗೆ ಕೆಂಪು ರುಮಾಲು, ಹೆಗಲಿಗೆ ಕಂಬಳಿ, ಓಡಿಹೋಗುವ ಮನಸ್ಸು ಮಾಡದ ಆಳು. ನಾನು ಬಾಯಿಗೆ ಬಂದದ್ದೆಲ್ಲ ಬೈಯುತ್ತ ಗವಿಯ ಬಾಯಿಯ ಕಲ್ಲುಗಳನ್ನು ಎತ್ತಿ ಆಚೆ ಒಗೆದೆ. ಕೇಸು ಹಾಕುತ್ತೇನೆ, ಜೈಲು ಆಗುತ್ತದೆ ಎಂದೆ. ಮಾಳಪ್ಪ ಬಂಡೆಯ ಮೇಲೆ ಕೂತುಕೊಂಡ.

"ಹಾಕ್ರಿ ಕೇಸ. ಅದಕ್ಕೂ ಮದಲ ಒಳಗ ನಮ್ಮ ಕುರಿ ಕಿವಿ ಸಿಗತೈತೇನ ಒಂದಿಷ್ಟ ನೋಡ್ರಿ" ಎಂದ.

ನನಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಅವನ ಹಿಂಡಿನಲ್ಲಿ ಸ್ವಂತದ ಕುರಿಗಿಂತ ಬೇರೆಯವರಿಂದ ಪಾಲಿಗೆ ಕಾಯಲು ತಂದವೇ ಹೆಚ್ಚು. ಒಬ್ಬೊಬ್ಬ ಮಾಲೀಕರ ಕುರಿಗೆ ಒಂದೊಂದು ಗುರುತು, ಕಿವಿಯನ್ನು ಒಂದೊಂದು ರೀತಿ ಕತ್ತರಿಸಿರುತ್ತಾರೆ. ಕುರಿ ಸತ್ತರೆ ಕಾಯುವವನು ಆ ಗುರುತಿನ ಕಿವಿ ಕೊಯ್ದು ಒಯ್ದು ಮಾಲೀಕರಿಗೆ ತೋರಿಸಬೇಕು. ಕಿವಿ ತೋರಿಸಿದರೆ ಕುರಿ ಸತ್ತದ್ದು ನಿಜ. ತೋರಿಸದಿದ್ದರೆ ಕದ್ದು ಸಂತೆಯಲ್ಲಿ ಮಾರಿದ ಎಂದೇ ಲೆಕ್ಕ. ರೋಗ ಬಂದು ಸತ್ತರೆ ಕಿವಿ ಎಲ್ಲಿಗೂ ಹೋಗುವುದಿಲ್ಲ. ತೋಳ ಹೊತ್ತುಕೊಂಡು ಹೋದರೆ? ಕುರಿಯ ಜೊತೆ ಕಿವಿಯೂ ಹೋಯಿತು. ಆಗ ರಕ್ತ, ಉಣ್ಣೆ, ಹೆಜ್ಜೆ ಹುಡುಕುತ್ತ ತೋಳದ ಬೆನ್ನು ಹತ್ತಬೇಕು. ಬೆನ್ನು ಹತ್ತಿದವನು ಕೊನೆಗೆ ಗವಿಯ ಬಾಗಿಲಿಗೇ ಬಂದು ನಿಲ್ಲುತ್ತಾನೆ. ಗವಿ ಕಂಡ ಮೇಲೆ ಸುಮ್ಮನೆ ಹೋಗಲು ಅವನೇನು ಸನ್ಯಾಸಿಯೇ?

"ತ್ವಾಳ ತಿಂದ್ರ ತಿನ್ಲಿರೀ, ಅದರ ಪಾಲ ಅದಕ್ಕ. ನಮ್ಮ ಅಜ್ಜಾರ ಕಾಲದಿಂದ ತಿಂತೈತಿ. ಖರೇ ಕಳ್ಳನ್ನ ಬಿಟ್ಟ ನನಗ ಕಳ್ಳ ಅಂತಾರಲ್ಲ, ಅದು ತಡ್ಯಾಕ ಆಗೂದಿಲ್ರಿ" ಎಂದ ಮಾಳಪ್ಪ.

ಕಾಯ್ದೆಯ ಪ್ರಕಾರ ಪ್ರಯತ್ನವೂ ಅಪರಾಧವೇ. ಕೇಸು ಹಾಕಿದ್ದರೆ ಯಾರೂ ಅದನ್ನು ತಪ್ಪು ಅನ್ನುತ್ತಿರಲಿಲ್ಲ. ಹಾಕಲಿಲ್ಲ. ಮೂವರನ್ನು ಒಳಗೆ ಹಾಕಿದರೆ ಮುಂದಿನ ವರ್ಷ ಬೇರೆ ಮೂವರು ಕಿವಿ ಹುಡುಕಿಕೊಂಡು ಬರುತ್ತಿದ್ದರು. ನಾನು ಮಾಡಿದ್ದು ಸರಿ ಎಂದು ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ. ಕುರುಬರಿಗೆ ಗವಿಯ ದಾರಿ ತೋರಿಸುತ್ತಿದ್ದದ್ದು ಆ ಕಿವಿ. ಅದನ್ನು ತೋರಿಸುವ ಗರಜು ತಪ್ಪಿಸಿದರೆ ಗವಿ ತಾನಾಗಿಯೇ ಉಳಿಯುತ್ತದೆ ಎಂದು ಅಲ್ಲೇ ನಿಂತು ಲೆಕ್ಕ ಹಾಕಿದೆ. ಇಲಾಖೆಯ ಪರಿಹಾರ ಇತ್ತು, ನಿಜ. ಆದರೆ ಅದಕ್ಕೆ ಸತ್ತ ಕುರಿಯನ್ನು ಬಿದ್ದಲ್ಲೇ ಬಿಟ್ಟು ನಮ್ಮವರು ಬರುವವರೆಗೆ ಕಾಯಬೇಕು. ಹಿಂಡು ಯಾರಿಗಾಗಿ ಕಾಯುತ್ತದೆ? ಇವತ್ತು ಒಬ್ಬರ ಹೊಲದಲ್ಲಿ, ನಾಳೆ ಇನ್ನೊಬ್ಬರ ಹೊಲದಲ್ಲಿ.

ಮಾಳಪ್ಪನಿಗೆ ಹೆಚ್ಚು ಕುರಿ ಕೊಟ್ಟವರು ಹೂಲಿ ಊರ ಕಡೆ ಹೊಲವಿದ್ದ ನೀಲವ್ವ. ಕೊರಳಲ್ಲಿ ಲಿಂಗ, ಮಾಂಸದ ಹೆಸರೆತ್ತದ ಮನೆ. ಆದರೂ ಹೊಲಕ್ಕೆ ಕುರಿಗೊಬ್ಬರ ಬೇಕೆಂದು ಪಾಲಿಗೆ ಕುರಿ ಬಿಟ್ಟಿದ್ದರು. ಗಂಡ ತೀರಿದ ಮೇಲೆ ಒಕ್ಕಲುತನವನ್ನು ಒಬ್ಬರೇ ನಡೆಸಿ, ಉಳಿದ ಮಾಲೀಕರಿಗೂ ಹಿರಿಯರಂತಿದ್ದರು. ನಾನು ಹೋಗಿ ಕೂತು ತೋಳದ ಮಹತ್ವ, ಕಾಯ್ದೆಯ ಮಹತ್ವ ಎಲ್ಲ ಹೇಳಿ, ತೋಳ ಒಯ್ದ ಕುರಿಗೆ ಕಿವಿ ಕೇಳಬೇಡಿ ಎಂದೆ. ಅವರು ಚುರಮರಿ ಕೊಟ್ಟು, ಎಲ್ಲ ಕೇಳಿ, ನಕ್ಕರು.

"ತ್ವಾಳದ ಹೆಸರ ಹೇಳಿ ಎಷ್ಟ ಕುರಿ ಸಂತಿಗೆ ಹೋಗ್ಯಾವ, ನಿಮಗ ಗೊತ್ತೈತೇನ್ರಿ ಸಾಹೇಬ್ರ? ಕಿವಿ ಬ್ಯಾಡ ಅಂದ್ರ ನಾಳಿಂದ ಈ ಸೀಮ್ಯಾಗ ಎಲ್ಲಾ ಕುರುಬರ ಹಿಂಡಿಗೂ ತ್ವಾಳ ಬೀಳತಾವ" ಎಂದರು.

ಅವರ ಮಾತಿನಲ್ಲೂ ಹುರುಳಿತ್ತು. ಮೋಸ ಮಾಡುವವರು ಇರಲಿಲ್ಲ ಎಂದು ನಾನೂ ಹೇಳಲಾರೆ. ನಾನು ಬಿಡದೆ ವಾರಕ್ಕೊಮ್ಮೆ ಹೋಗಿ ಅದೇ ಮಾತು ಎತ್ತುತ್ತಿದ್ದೆ. ಕೊನೆಗೆ ನೀಲವ್ವನವರೇ ಬೇಸತ್ತು, ಮಾಳಪ್ಪನನ್ನೂ ಉಳಿದ ಮಾಲೀಕರನ್ನೂ ಕಟ್ಟೆಗೆ ಕರೆಸಿದರು. ಕಿವಿ ಸಿಗದ ಕುರಿಗೆ ಮಾಳಪ್ಪ ಭಂಡಾರ ಮುಟ್ಟಿ ಹೇಳಲಿ, ನಾವು ನಂಬುತ್ತೇವೆ ಎಂದರು. ಭಂಡಾರ ಅಂದರೆ ಕುರುಬರ ದೇವರ ಅರಿಷಿಣ. ಅದನ್ನು ಮುಟ್ಟಿ ಸುಳ್ಳು ಹೇಳಿದರೆ ವಂಶ ಉಳಿಯುವುದಿಲ್ಲ ಎನ್ನುವ ನಂಬಿಕೆ. ಕೆಲಸವಾಯಿತು ಎಂದು ನಾನು ಉಬ್ಬಿದೆ. ಆದರೆ ಮಾಳಪ್ಪನೇ ಎದ್ದು ನಿಂತು ಆಗದು ಎಂದ.

"ಕುರಿಗೊಮ್ಮೆ ಮುಟ್ಟಿದ್ರ ಭಂಡಾರ ಬರೇ ಅಡಗಿ ಅರಿಷಿಣ ಆಕ್ಕೈತ್ರಿ, ಅಕ್ಕಾರ. ಬೇಕಂದ್ರ ನಿಮ್ಮ ಕುರಿ ಹೊಡಕೊಂಡ ಹೋಗ್ರಿ."

ಮಾಲೀಕರಲ್ಲಿ ಒಬ್ಬ ಆಗಲೇ ಎದ್ದು ಧೋತರ ಝಾಡಿಸಿದ. ನೀಲವ್ವ ಅವನನ್ನು ಕೈಸನ್ನೆಯಲ್ಲೇ ಕೂಡಿಸಿ, ಮಾಳಪ್ಪನ ಕಡೆ ತಿರುಗಿದರು.

"ವರ್ಷಕ್ಕೊಮ್ಮೆ ಮುಟ್ಟು" ಎಂದರು. "ದೀವಳಿಗಿ ಪಾಡ್ಯಾದಾಗ, ಕುರಿ ಪೂಜಿ ಮಾಡ್ತೀಯಲ್ಲ, ಆವಾಗ, ನಮ್ಮೆಲ್ಲಾರ ಮುಂದ. ಮುಂದಿನ ಪಾಡ್ಯಾ ಮಟ ನೀ ಹೇಳಿದ್ದ ಖರೇ. ನಾವು ಒಬ್ರೂ ತಿರುಗಿ ಕೇಳೂದಿಲ್ಲ."

ಮಾಳಪ್ಪ ಯೋಚನೆ ಮಾಡಿ, ತಿರುಗಿ ಕೇಳುವುದಿಲ್ಲ ಎನ್ನುವ ಮಾತನ್ನು ಎಲ್ಲ ಮಾಲೀಕರ ಬಾಯಿಂದಲೂ ಒಬ್ಬೊಬ್ಬರಾಗಿ ಹೇಳಿಸಿಕೊಂಡ. ಆಮೇಲೆ ಹೂಂ ಅಂದ. ಆ ದೀಪಾವಳಿಗೆ ಕುರಿಹಟ್ಟಿಯಲ್ಲಿ ಅವನು ಭಂಡಾರ ಹಿಡಿದು, ಈ ಹಿಂಡಿನ ಕುರಿಯ ಬಗ್ಗೆ ನನ್ನ ಬಾಯಿಂದ ಸುಳ್ಳು ಬರುವುದಿಲ್ಲ ಎಂದ. ನಾನು ಯೂನಿಫಾರ್ಮಿನಲ್ಲೇ ಹೋಗಿ ಹುಗ್ಗಿ ಉಂಡು ಬಂದೆ. ನಮ್ಮ ಕಚೇರಿಗೆ ಈ ಸುದ್ದಿ ಹೋಗಿ, ಕುರಿ ಕಾಯಲು ತೋಳವನ್ನು ಇಟ್ಟವರನ್ನು ಕೇಳಿದ್ದೆವು, ಇವನು ತೋಳ ಕಾಯಲು ಕುರುಬನನ್ನು ಇಟ್ಟಿದ್ದಾನೆ ಎಂದು ನಗೆಯೋ ನಗೆ. ನಗುವವರ ಜೊತೆ ನಾನೂ ನಕ್ಕೆ. ಆ ಚಳಿಗಾಲ ಗವಿಯ ಬಾಯಿಗೆ ಒಂದು ಕಲ್ಲೂ ಬೀಳಲಿಲ್ಲ. ಬೇಸಿಗೆಯಲ್ಲಿ ಮರಿಗಳು ತಾಯಿಯ ಹಿಂದೆ ಮಡ್ಡಿ ದಾಟುವುದನ್ನು ಕಣ್ಣಾರೆ ಕಂಡಾಗ ಬಂಡೆಯ ಹಿಂದೆ ಒಬ್ಬನೇ ಕೂತು ಕಣ್ಣೀರು ಹಾಕಿದೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಒಂದೆರಡು ವರ್ಷದಲ್ಲಿ ಸುತ್ತಲಿನ ಬೇರೆ ಹಟ್ಟಿಗಳೂ ಈ ಪಾಡ್ಯದ ಆಣೆಯನ್ನು ಹಿಡಿದವು.

ಆದರೆ ಗವಿಗೆ ಕಲ್ಲು ಹಾಕುವವರು ಕುರುಬರು ಮಾತ್ರವಲ್ಲ ಎನ್ನುವುದು ಮುಂದೆ ತಿಳಿಯಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಬಂದ ಒಬ್ಬ ಸಾಹೇಬರು ಒಳ್ಳೆಯವರು, ಶುದ್ಧ ಕೈ, ಮೈಸೂರಿನ ಕಡೆಯವರು. ಗಿಡವೆಂದರೆ ಪ್ರಾಣ. ಬೋಳು ನೆಲ ಕಂಡರೆ ಅವರು ಬಿಡುವವರಲ್ಲ. ಕರಿಕಲ್ಲ ಮಡ್ಡಿಯನ್ನು ನೋಡಿದ್ದೇ ಅಕೇಶಿಯಾ ಗಿಡ ಹಚ್ಚಲು ಯೋಜನೆ ಮಾಡಿ ಮಂಜೂರೂ ಮಾಡಿಸಿಕೊಂಡು ಬಂದರು. ಗವಿಯಲ್ಲಿ ತೋಳವಿದೆ, ಅದಕ್ಕೆ ಹುಲ್ಲು ಬೇಕು, ಮೊಲ ಬೇಕು, ಚಿಗರಿ ಬೇಕು, ಅಕೇಶಿಯಾ ತೋಪಿನಲ್ಲಿ ಅವೊಂದೂ ನಿಲ್ಲುವುದಿಲ್ಲ ಎಂದು ನಾನು ಎರಡು ಸಲ ಹೇಳಿದೆ. ಹಸಿರಾದರೆ ಎಲ್ಲ ಬರುತ್ತವೆ ಬಿಡ್ರಿ ಎಂದರು. ನಮ್ಮ ಇಲಾಖೆಯವರು ಮಾತ್ರ ಮಾಡಬಲ್ಲ ತಪ್ಪು ಇದು. ಹುಲ್ಲನ್ನು ನಾವು ಖಾಲಿ ಜಾಗ ಅಂದುಕೊಳ್ಳುತ್ತೇವೆ.

ಚಳಿಗಾಲ ಮುಗಿಯುವ ಹೊತ್ತಿಗೆ ಗಿಡ ನೆಡುವ ಕಾಲುವೆ ತೆಗೆಯಲು ಜೆಸಿಬಿ ಬಂತು. ಬಂಡೆಗಳ ಕಡೆಗೇ ಹೊರಟಿತ್ತು. ಗವಿಯಲ್ಲಿ ಕಣ್ಣು ಬಿಟ್ಟು ಕೆಲವೇ ದಿನಗಳಾಗಿದ್ದ ಮರಿಗಳು. ನಾನು ಹೋಗಿ ಗಾಡಿಯ ಮುಂದೆ ನಿಂತೆ. ಸಾಹೇಬರು ಜೀಪಿನಿಂದ ಇಳಿದು ಬಂದರು. ಅವರ ಮುಖ ಕೆಂಪಾಗಿತ್ತು.

"ಗಿಡ ನೆಡೋದೂ ಅಪರಾಧವೇನ್ರಿ?" ಎಂದು ಕೇಳಿದರು.

"ಗಿಡ ಹಚ್ಚೂದಲ್ರಿ ಸರ್. ಒಳಗ ಮರಿ ಅದಾವ. ಮ್ಯಾಲ ಮಣ್ಣ ಎಳದ್ರ ಮೊದಲನೇ ಪಟ್ಟಿ ಪ್ರಾಣಿ ಕೊಂದಂಗ. ಈ ಬೀಟ್ ನಂದು, ಕೇಸ ನಾನ ಬರೀಬೇಕಾಕ್ಕೈತಿ. ಮೊದಲನೇ ಹೆಸರ ಯಾರದ ಬರೀಲಿ, ನೀವ ಹೇಳ್ರಿ" ಎಂದೆ.

ಸಾಹೇಬರು ಜೆಸಿಬಿಯನ್ನು ತಿರುಗಿಸಿ ಕಳಿಸಿದರು. ನನಗೆ ನೋಟೀಸು ಖಂಡಿತ ಎಂದುಕೊಂಡು ಮನೆಯಲ್ಲಿ ಹೆಂಡತಿಗೂ ಹೇಳಿಟ್ಟೆ. ನಾಲ್ಕಾರು ದಿನದ ಮೇಲೆ ಅವರೇ ಸಂಜೆ ಬಂದು, ಎಲ್ಲಿವೆ ತೋರಿಸಿ ಎಂದರು. ಗಾಳಿ ನಮ್ಮ ಕಡೆಗೆ ಬೀಸುವಂತೆ ದೂರದ ಕಂಟಿಯ ಹಿಂದೆ ಕೂತೆವು. ಹೊತ್ತು ಇಳಿಯುವಾಗ ತಾಯಿ ಹೊರಗೆ ಬಂತು. ಎಡಗಾಲು ಸ್ವಲ್ಪ ಎಳೆಯುತ್ತಿದ್ದ ಅದನ್ನು ನಾವು ಕುಂಟಿ ಅನ್ನುತ್ತಿದ್ದೆವು. ಭಂಡಾರದ ಮೊದಲ ವರ್ಷ ಉಳಿದ ಮರಿಗಳಲ್ಲಿ ಅದೂ ಒಂದು. ಅದರ ಹಿಂದೆ ಬೂದಿ ಬಣ್ಣದ ಮರಿಗಳು ಒಂದರ ಮೇಲೊಂದು ಬೀಳುತ್ತ ಬಂದವು. ಸಾಹೇಬರು ಕತ್ತಲಾಗುವವರೆಗೆ ಅಲ್ಲಿಂದ ಏಳಲಿಲ್ಲ. ಅಕೇಶಿಯಾ ಸಸಿಗಳೆಲ್ಲ ಆ ವರ್ಷ ರಸ್ತೆಯ ಬದಿಗೆ, ನವಿಲುತೀರ್ಥ ಅಣೆಕಟ್ಟಿನ ಕಾಲುವೆಯ ದಂಡೆಗೆ ಹೋದವು. ಮಡ್ಡಿ ಮಡ್ಡಿಯಾಗಿಯೇ ಉಳಿಯಿತು. ತಪ್ಪು ತಿಳಿದ ಮೇಲೆ ಗಾಡಿ ತಿರುಗಿಸುವ ಮೇಲಧಿಕಾರಿ ಸಿಗುವುದು ಪುಣ್ಯ. ನನಗೆ ಒಬ್ಬರು ಸಿಕ್ಕಿದ್ದರು.

ಕಡೆಯ ವರ್ಷಗಳಲ್ಲಿ ಕೆಲಸದ ರೀತಿ ಬದಲಾಯಿತು. ಮೊದಲು ನಾನು ಸೈಕಲ್ ಮೇಲೆ ಹಟ್ಟಿಯಿಂದ ಹಟ್ಟಿಗೆ ಸುದ್ದಿ ಹುಡುಕಿಕೊಂಡು ಹೋಗುತ್ತಿದ್ದೆ. ಮೊಬೈಲು ಬಂದ ಮೇಲೆ ಕುರುಬರೇ ಮಿಸ್ಡ್ ಕಾಲ್ ಕೊಡಲು ಶುರುಮಾಡಿದರು. ಪರಿಹಾರವೂ ಮೊದಲಿಗಿಂತ ಬೇಗ ಬರುವಂತಾಯಿತು. ರಾಮದುರ್ಗದ ಕಡೆಯ ಇನ್ನೆರಡು ಮಡ್ಡಿಗಳಲ್ಲೂ ತೋಳದ ಹೆಜ್ಜೆ ಕಾಣತೊಡಗಿದವು. ಕುಂಟಿಯ ಮಕ್ಕಳೇ ಇರಬೇಕು ಎಂದು ನಾನು ಎಲ್ಲರೆದುರು ಹೇಳಿಕೊಂಡು ತಿರುಗಿದೆ.

ನಿವೃತ್ತಿಗೆ ಕೆಲವು ತಿಂಗಳಿದ್ದಾಗ ಒಂದು ಬೆಳಿಗ್ಗೆ ಮಾಳಪ್ಪ ಫೋನು ಮಾಡದೆ ಕಚೇರಿಗೇ ನಡೆದು ಬಂದ. ವಯಸ್ಸಾಗಿತ್ತು, ಏದುಸಿರು. ಕಂಬಳಿಯ ಮಡಿಕೆಯಿಂದ ಅರಿವೆಯ ಗಂಟು ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿಟ್ಟ. ಒಳಗೆ ಕಿವಿ ಇತ್ತು. ಕುರಿಯದಲ್ಲ. ಚೂಪಾದ, ಅಂಚಿಗೆ ಕಪ್ಪು ಕೂದಲಿನ ತೋಳದ ಕಿವಿ.

ಅಲ್ಲಿದ್ದ ಹೊಸ ಗಾರ್ಡ್ ಕುರ್ಚಿಯಿಂದ ಹಾರಿ ಎದ್ದ. ಮೊದಲನೇ ಪಟ್ಟಿಯ ಪ್ರಾಣಿಯ ಅಂಗ ಇಟ್ಟುಕೊಂಡವರನ್ನು ಹಿಡಿಯಬೇಕು ಎಂದು ಅವನಿಗೆ ತರಬೇತಿಯಲ್ಲಿ ಕಲಿಸಿದ್ದರು, ಕಲಿಸಿದ್ದು ಸರಿಯೇ. ನಾನು ಅವನಿಗೆ ಕೂಡಲು ಹೇಳಿದೆ.

"ಕುಂಟೀದ್ರಿ ಇದು" ಎಂದ ಮಾಳಪ್ಪ. "ರಾಮದುರ್ಗದ ದಾರ್‍ಯಾಗ ಲಾರಿ ಬಡದೈತಿ. ನಾ ಹೊಡದಿಲ್ಲ, ನಮ್ಮವರು ಯಾರೂ ಹೊಡದಿಲ್ಲ."

"ನೀ ಬಾಯಿಲೆ ಹೇಳಿದ್ರ ಸಾಕಿತ್ತಲ್ಲೋ ಮಾಳಪ್ಪ. ನಾ ನಂಬತಿದ್ದಿಲ್ಲೇನ?" ಎಂದೆ.

"ನಾ ಭಂಡಾರ ಮುಟ್ಟಿದ್ದು ಕುರಿಗ್ರಿ, ಸಾಹೇಬ್ರ. ತ್ವಾಳಕ್ಕ ಮುಟ್ಟಿದ್ದಿಲ್ಲ. ಅದಕ್ಕ ಕಿವಿ ತಂದೇನಿ."

ಮಾಲೀಕನ ಮುಂದೆ ನಿಂತಂತೆ ಅವನು ನನ್ನ ಮುಂದೆ ಕೈಕಟ್ಟಿ ನಿಂತಿದ್ದ. ಇಷ್ಟು ವರ್ಷ ತೋಳವನ್ನು ನಾನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಅವನು ಅದನ್ನು ಪಾಲಿಗೆ ತಂದ ಕುರಿಯಂತೆ ನನ್ನ ಪರವಾಗಿ ಕಾಯುತ್ತಿದ್ದ ಎನ್ನುವುದು ಆ ಹೊತ್ತಿಗೆ ತಿಳಿಯಿತು. ಎದ್ದು ಅವನ ಎರಡೂ ಕೈ ಹಿಡಿದುಕೊಂಡೆ.

ಜೀಪಿನಲ್ಲಿ ಹೋಗಿ ನೋಡಿದೆವು. ರಸ್ತೆಯ ಮೇಲೆ ಲಾರಿ ಬ್ರೇಕು ಹಾಕಿದ ಗುರುತು, ಒಡೆದ ಗಾಜು, ಪಕ್ಕದ ಹುಲ್ಲಿನಲ್ಲಿ ಕುಂಟಿ. ಪಂಚ ಸಾಕ್ಷಿಗಳ ಮುಂದೆ ಎಲ್ಲ ಬರೆದು, ಕಿವಿಯನ್ನು ಅದರ ಜಾಗದಲ್ಲೇ ಇಟ್ಟು, ಕಾಯ್ದೆಯಂತೆ ಅಲ್ಲೇ ಸುಟ್ಟೆವು. ಉರಿ ಏಳುವ ಮೊದಲು ಮಾಳಪ್ಪ ಸೊಂಟದ ಚೀಲದಿಂದ ಚಿಟಿಕೆ ಭಂಡಾರ ತೆಗೆದು ಅದರ ಮೇಲೆ ಹಾಕಿದ. ಹೊಸ ಗಾರ್ಡ್ ಟೋಪಿ ತೆಗೆದು ನಿಂತಿದ್ದ.

ನಾನು ನಿವೃತ್ತನಾದ ಮೇಲೆ ಬಂದ ದೀಪಾವಳಿಗೆ ಮಾಳಪ್ಪ ಕರೆ ಕಳಿಸಿದ. ಈ ಸಲ ಯೂನಿಫಾರ್ಮಿಲ್ಲದೆ ಧೋತರ ಉಟ್ಟು ಹೋದೆ. ಹಟ್ಟಿಯಲ್ಲಿ ಕಂಬಳಿ ಹಾಸಿತ್ತು. ಅವನು ನನ್ನನ್ನು ಮಾಲೀಕರ ಸಾಲಿನಲ್ಲಿ, ನೀಲವ್ವನವರ ಪಕ್ಕಕ್ಕೆ ಕೂಡಿಸಿದ. ಆಮೇಲೆ ಭಂಡಾರ ಕೈಯಲ್ಲಿ ಹಿಡಿದು, ಈ ಹಿಂಡಿನ ಕುರಿಯ ಬಗ್ಗೆ, ಈ ಮಡ್ಡಿಯ ತೋಳದ ಬಗ್ಗೆ ನನ್ನ ಬಾಯಿಂದ ಸುಳ್ಳು ಬರುವುದಿಲ್ಲ ಎಂದ.